ಹೆಬ್ಬೆಟ್ಟಿಗೂ ಒಂದು ಬೀಗ

ಕಲಬುರಗಿಯಲ್ಲಿ ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕೆಂದರೆ ಎಷ್ಟೋ ಜನ ಮೊದಲು ಆಧಾರ್ ಕಾರ್ಡನ್ನು ಜೆರಾಕ್ಸ್ ಅಂಗಡಿಯ ವಾಟ್ಸ್‌ಆ್ಯಪ್‌ಗೆ ಕಳಿಸುತ್ತಾರೆ. ಅರ್ಜಿ ಕಚೇರಿಗೆ ಹೋಗುತ್ತದೆ, ಕಾರ್ಡಿನ ನಕಲು ಮಾತ್ರ ಅಂಗಡಿಯ ಕಂಪ್ಯೂಟರಿನಲ್ಲೇ ಕೂತಿರುತ್ತದೆ. ಸರ್ಕಾರ ಕೇಳುವುದನ್ನೆಲ್ಲ ಕೊಡುವುದಿಲ್ಲ ಎನ್ನಲು ಆಗದು. ದಾರಿಯಲ್ಲಿ ಚೆಲ್ಲುವುದನ್ನಂತೂ ತಡೆಯಬಹುದು.

ಬರೀ ಗುರುತು ತೋರಿಸಬೇಕಾದ ಕಡೆ ಮಾಸ್ಕ್ಡ್ ಆಧಾರ್ ಕೊಡಿ. ಮೈಆಧಾರ್ ಜಾಲತಾಣಕ್ಕೆ ಓಟಿಪಿ ಹಾಕಿ ಹೋಗಿ, ಡೌನ್‌ಲೋಡ್ ಒತ್ತುವ ಮುಂಚೆ ಮಾಸ್ಕ್ಡ್ ಎಂಬ ಚೌಕಕ್ಕೆ ಟಿಕ್ ಹಾಕಿದರೆ 12 ಅಂಕಿಗಳಲ್ಲಿ ಕೊನೆಯ 4 ಮಾತ್ರ ಕಾಣುತ್ತವೆ. ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಎಂದು ಪೂರ್ತಿ ಕಾರ್ಡ್ ಕಳಿಸಬೇಡಿ. ಹೆಸರಿನ ಮೊದಲ 4 ಇಂಗ್ಲಿಷ್ ದೊಡ್ಡಕ್ಷರ, ಹುಟ್ಟಿದ ವರ್ಷ, ಇಷ್ಟೇ ಆ ಪಾಸ್‌ವರ್ಡ್, ಓಣಿಯವರಿಗೆಲ್ಲ ಗೊತ್ತಿರುವಂಥದ್ದು. ಪೂರ್ತಿ ಸಂಖ್ಯೆ ಬೇಕೇ ಬೇಕೆಂದರೆ ಜೆರಾಕ್ಸ್ ಮೇಲೆ ಯಾವ ಅರ್ಜಿಗೆ, ಯಾವ ದಿನಾಂಕ ಎಂದು ಅಡ್ಡಲಾಗಿ ಬರೆಯಿರಿ. ಬರಹ ಫೋಟೋದ ಅಂಚನ್ನೂ ದಾಟಿರಲಿ. ಮೂಲೆಯಲ್ಲಿ ಬರೆದರೆ ಅದನ್ನು ಮುಚ್ಚಿ ಮತ್ತೊಂದು ಜೆರಾಕ್ಸ್ ತೆಗೆಯುವುದು ಕಷ್ಟವೇನಲ್ಲ.

ಮುಖ್ಯವಾದದ್ದು ಬಯೋಮೆಟ್ರಿಕ್ ಲಾಕ್, ಅಂದರೆ ಬೆರಳು, ಕಣ್ಣು, ಮುಖದ ಗುರುತಿಗೆ ಹಾಕುವ ಬೀಗ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಹೆಬ್ಬೆಟ್ಟು ಮೂರಿದ್ದರೆ ಮೈಕ್ರೋ ಎಟಿಎಂ ಎಂಬ ಬ್ಯಾಂಕ್ ಪ್ರತಿನಿಧಿಯ ಕೈಯಂತ್ರದಿಂದ ದುಡ್ಡು ತೆಗೆಯಬಹುದು. ಅದು ಪಿನ್ ಕೇಳದು, ಓಟಿಪಿ ಕೇಳದು. ಜಮೀನಿನ ಪತ್ರದ ಪ್ರತಿಯಲ್ಲಿ ಸಂಖ್ಯೆಯೂ ಬೆರಳಚ್ಚೂ ಒಟ್ಟಿಗೆ ಸಿಕ್ಕರೆ ರಬ್ಬರಿನ ಬೆರಳು ಮಾಡುವವರಿದ್ದಾರೆ. ಮೈಆಧಾರ್ ಜಾಲತಾಣದಲ್ಲಿ ಲಾಕ್ ಹಾಕಿಬಿಟ್ಟರೆ ಬೆರಳಾಗಲಿ, ಕಣ್ಣಾಗಲಿ, ಮುಖವಾಗಲಿ ನಡೆಯುವುದಿಲ್ಲ. ಓಟಿಪಿ ಮಾತ್ರ ಎಂದಿನಂತೆ ಬರುತ್ತದೆ.

ತೊಡಕು ಬರುವುದು ರೇಷನ್ ಅಂಗಡಿಯಲ್ಲಿ. ಲಾಕ್ ಇದ್ದರೆ ಯಂತ್ರ 330 ಎಂಬ ದೋಷ ತೋರಿಸುತ್ತದೆ. ಬೆರಳು ಒರೆಸಿ ಒರೆಸಿ ಒತ್ತಿದರೂ ಅಷ್ಟೇ. ತಾತ್ಕಾಲಿಕವಾಗಿ ತೆರೆದರೆ 10 ನಿಮಿಷದಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಮನೆಯಲ್ಲಿ ತೆರೆದು ಹೋಗಬೇಡಿ, ನಿಮ್ಮ ಮುಂದೆ ಇಬ್ಬರು ಉಳಿದಾಗ ತೆರೆಯಿರಿ. ಆಧಾರಿಗೆ ಜೋಡಿಸಿದ ಫೋನ್ ದುಡಿಯಲು ಹೋದ ಮಗನ ಜೊತೆ ಪುಣೆಯಲ್ಲಿದ್ದರೆ ಓಟಿಪಿಯೂ ಪುಣೆಗೇ ಹೋಗುತ್ತದೆ! ಯಾದಗಿರಿ ಕಡೆಯ ಹಳ್ಳಿಗಳಲ್ಲಿ ಇಂಥ ಮನೆಗಳು ಬಹಳ. ಅಲ್ಲಿ ರೇಷನ್ ಚೀಟಿಯಲ್ಲಿರುವವರ ಪೈಕಿ ಖಾತೆಯಲ್ಲಿ ದುಡ್ಡಿಲ್ಲದ ಒಬ್ಬರ ಬೆರಳನ್ನು ಲಾಕ್ ಮಾಡದೆ ಬಿಟ್ಟು, ಉಳಿದವರದಕ್ಕೆ ಬೀಗ ಹಾಕಿ. ಆ ಒಬ್ಬರ ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತು ಖಚಿತಪಡಿಸುವ ಕೆಲಸ, ಆಗಿರಬೇಕು.

ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಎಂಬ ಪಟ್ಟಿ ಅದೇ ಜಾಲತಾಣದಲ್ಲಿ 6 ತಿಂಗಳವರೆಗಿನದು ಸಿಗುತ್ತದೆ. ನೀವು ಹೊಲದಲ್ಲಿದ್ದ ಹೊತ್ತಿಗೆ ಬಯೋಮೆಟ್ರಿಕ್ ಎಂದು ಬಿದ್ದಿದ್ದರೆ ಸ್ಕ್ರೀನ್‌ಶಾಟ್ ತೆಗೆದು ಆಧಾರ್ ಸಹಾಯವಾಣಿ 1947ಕ್ಕೆ ಕರೆ ಮಾಡಿ. ದುಡ್ಡೂ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930, ಅಂದೇ ಬ್ಯಾಂಕಿಗೆ ಲಿಖಿತ ದೂರು. ದೂರಿನ ಪ್ರತಿಗೆ ಸೀಲು ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ.