ಬಾಗಿಲ ಸಂದಿನಲ್ಲಿ ಕಂಡ ಕೈ: ವ್ಯಂಗ್ಯಚಿತ್ರ ಓದಲು ನಾನು ಕಲಿತ ಬಗೆ

ಪದವಿಪೂರ್ವ ತರಗತಿಗಳಿಗೆ ರಾಜ್ಯಶಾಸ್ತ್ರ ಕಲಿಸುವ ನಾನು ತುರ್ತುಪರಿಸ್ಥಿತಿಯ ಪಾಠಕ್ಕೆ ಬಂದಾಗಲೆಲ್ಲ ಅಬು ಅಬ್ರಹಾಂ ಅವರ ಒಂದು ವ್ಯಂಗ್ಯಚಿತ್ರವನ್ನು ತೋರಿಸುತ್ತೇನೆ. 1975ರ ಡಿಸೆಂಬರ್ 10ರಂದು ‘ಇಂಡಿಯನ್ ಎಕ್ಸ್‌ಪ್ರೆಸ್’ ಪತ್ರಿಕೆಯಲ್ಲಿ ಪ್ರಕಟವಾದ ಆ ಚಿತ್ರದಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಸ್ನಾನದ ತೊಟ್ಟಿಯಲ್ಲಿ ಮಲಗಿದ್ದಾರೆ. ಸಹಿ ಮಾಡಿದ ಕಾಗದವನ್ನು ಅರೆತೆರೆದ ಬಾಗಿಲಿನತ್ತ ಚಾಚುತ್ತ, ‘ಇನ್ನೂ ಸುಗ್ರೀವಾಜ್ಞೆಗಳಿದ್ದರೆ ಸ್ವಲ್ಪ ಕಾಯಲು ಹೇಳಿ’ ಎನ್ನುತ್ತಿದ್ದಾರೆ. ಮೊದಲ ವರ್ಷ ನಾನು ಇದನ್ನು ರಾಷ್ಟ್ರಪತಿಯವರ ಆಲಸ್ಯದ ಗೇಲಿ ಎಂದು ವಿವರಿಸಿ, ಮಕ್ಕಳು ನಕ್ಕದ್ದನ್ನು ಕಂಡು ಪಾಠ ಮುಟ್ಟಿತೆಂದು ಭಾವಿಸಿ, ಮುಂದಿನ ಪುಟಕ್ಕೆ ಹೋಗುವವನಿದ್ದೆ. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಸರ್, ಬಾಗಿಲ ಹತ್ತಿರ ಕಾಗದ ತಗೊಳ್ತಿರೋ ಕೈ ಯಾರದು?’ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಅಷ್ಟು ಸಲ ನೋಡಿದ್ದರೂ ಆ ಕೈಯನ್ನು ನಾನು ನೋಡಿಯೇ ಇರಲಿಲ್ಲ.

ತಪ್ಪಿನ ಮೂಲ ಹುಡುಕಿದಾಗ ತಿಳಿದದ್ದು, ನಾನು ಮಾತನ್ನು ಮೊದಲು ಓದಿ ಚಿತ್ರವನ್ನು ಆಮೇಲೆ ನೋಡುತ್ತಿದ್ದೆ ಎಂಬುದು. ಅಂದಿನಿಂದ ವ್ಯಂಗ್ಯಚಿತ್ರದಲ್ಲಿರುವ ಅಕ್ಷರಗಳನ್ನೆಲ್ಲ ಕಾಗದದ ಚೂರಿನಿಂದ ಮುಚ್ಚಿ, ಕಣ್ಣಿಗೆ ಕಂಡದ್ದನ್ನಷ್ಟೇ ಬರೆದುಕೊಳ್ಳುವ ಅಭ್ಯಾಸ ಮಾಡಿಕೊಂಡೆ. ಆಮೇಲೆ ಪ್ರಕಟವಾದ ದಿನಾಂಕವನ್ನು ನೋಡಿ, ಅಂದಿನ ಓದುಗನಿಗೆ ಅದಾಗಲೇ ಗೊತ್ತಿದ್ದ ಸುದ್ದಿ ಯಾವುದೆಂದು ಹುಡುಕುತ್ತೇನೆ. ವ್ಯಂಗ್ಯಚಿತ್ರಕಾರ ಸುದ್ದಿಯನ್ನು ಹೇಳುವುದಿಲ್ಲ. ಓದುಗ ಅದನ್ನು ಆಗಲೇ ಓದಿದ್ದಾನೆಂದು ನಂಬಿ ಅರ್ಧವನ್ನು ಬಿಟ್ಟುಬಿಡುತ್ತಾನೆ. ಬಿಟ್ಟ ಆ ಅರ್ಧವನ್ನು ಹುಡುಕುವುದೇ ನನ್ನ ಕೆಲಸವಾಯಿತು.

ಇದನ್ನು ನಾನು ಪಳಗಿಸಿಕೊಂಡದ್ದು ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯ ಹರ್ಬ್ಲಾಕ್ ಅವರ ಚಿತ್ರಗಳ ಮೇಲೆ. 1974ರ ಮೇ ತಿಂಗಳ ಒಂದು ಚಿತ್ರದಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಎರಡು ಟೇಪು ಸುರುಳಿಗಳ ನಡುವೆ ಜೋತಾಡುತ್ತಿದ್ದಾರೆ. ಒಂದು ಕಡೆಯ ಟೇಪಿನ ಮೇಲೆ ‘ಐ ಆ್ಯಮ್’, ಇನ್ನೊಂದು ಕಡೆ ‘ಎ ಕ್ರುಕ್’; ಕೂಡಿಸಿ ಓದಿದರೆ ‘ನಾನು ಮೋಸಗಾರ’. ಹಿಂದಿನ ಸುದ್ದಿ ಗೊತ್ತಿಲ್ಲದವನಿಗೆ ಇದು ಬರೀ ಬೈಗುಳದಂತೆ ಕಾಣುತ್ತದೆ. ಆದರೆ 1973ರ ನವೆಂಬರ್ 17ರಂದು ಫ್ಲಾರಿಡಾದಲ್ಲಿ, ಪತ್ರಿಕಾ ಸಂಪಾದಕರ ಎದುರಿಗೇ, ನಿಕ್ಸನ್ ತಾನು ಮೋಸಗಾರನಲ್ಲ ಎಂದು ಹೇಳಿದ್ದರು. ವಿರೋಧ ಪಕ್ಷದ ಕಚೇರಿಗೆ ಕಳ್ಳತನದಿಂದ ನುಗ್ಗಿದ ವಾಟರ್‌ಗೇಟ್ ಹಗರಣದ ತನಿಖೆಗೆ ಬೇಕಾಗಿದ್ದ, ನಿಕ್ಸನ್ ಅವರ ಕಚೇರಿಯ ಮಾತುಕತೆಯ ಒಂದು ಧ್ವನಿಮುದ್ರಣದಲ್ಲಿ ಹದಿನೆಂಟೂವರೆ ನಿಮಿಷಗಳ ಮಾತು ಅಳಿಸಿಹೋಗಿದೆಯೆಂಬ ಸಂಗತಿಯೂ ಅದೇ ತಿಂಗಳು ಹೊರಬಿತ್ತು. ಇವೆರಡನ್ನೂ ಜೊತೆಗಿಟ್ಟು ನೋಡಿದರೆ ಚಿತ್ರದಲ್ಲಿ ಕಾಣೆಯಾದದ್ದು ‘ನಾಟ್’ (ಅಲ್ಲ) ಎಂಬ ಒಂದೇ ಪದವೆಂದೂ, ಅದರ ಜಾಗವನ್ನು ಅಧ್ಯಕ್ಷರು ತಮ್ಮ ಮೈಯಿಂದಲೇ ತುಂಬಲು ಹೆಣಗುತ್ತಿದ್ದಾರೆಂದೂ ಹೊಳೆಯುತ್ತದೆ. ತರಗತಿಗಾಗಿ ಇದನ್ನು ಕನ್ನಡಕ್ಕೆ ತರಲು ಹೊರಟು ನಾನು ಸೋತೆ. ನಮ್ಮ ‘ಅಲ್ಲ’ ವಾಕ್ಯದ ಕೊನೆಯಲ್ಲಿ ಬರುವುದರಿಂದ, ಕನ್ನಡದಲ್ಲಿ ನಿಕ್ಸನ್ ಅವರಿಗೆ ಹಿಡಿದುಕೊಳ್ಳಲು ಎರಡನೆಯ ಟೇಪೇ ಸಿಗುವುದಿಲ್ಲ!

ಹೀಗೆ ಕಣ್ಣು ಪಳಗಿದ ಮೇಲೆ ಅಬು ಅವರ ಚಿತ್ರಕ್ಕೆ ಮರಳಿದೆ. ಆರ್. ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯನನ್ನು ನೋಡುತ್ತ ಬೆಳೆದ ನಮಗೆ ಚಿತ್ರದ ಮೂಲೆಯಲ್ಲಿ ಮೂಕಸಾಕ್ಷಿಯೊಬ್ಬನನ್ನು ಹುಡುಕುವ ರೂಢಿಯಿದೆ. ಇಲ್ಲಿ ಅಂಥ ಸಾಕ್ಷಿಯಿಲ್ಲ; ಸ್ನಾನದ ಮನೆಯಲ್ಲಿ ಇರುವಂತೆಯೂ ಇಲ್ಲ. ಅಮೆರಿಕದ ಅಧ್ಯಕ್ಷರು ಸ್ವತಃ ಆಳುವವರು. ನಮ್ಮ ರಾಷ್ಟ್ರಪತಿಯವರಾದರೋ ಸಚಿವ ಸಂಪುಟದ ಸಲಹೆಯಂತೆ ಅಂಕಿತ ಹಾಕುವವರು. ನಿಕ್ಸನ್ ಚಿತ್ರವನ್ನು ಓದಿದ ಹಾಗೆಯೇ ಇದನ್ನೂ ಓದಿದರೆ ಎಲ್ಲ ತಪ್ಪೂ ತೊಟ್ಟಿಯಲ್ಲಿರುವ ವ್ಯಕ್ತಿಯ ತಲೆಗೆ ಬರುತ್ತದೆ. ಆದರೆ 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿಯ ಘೋಷಣೆಗೆ ರಾಷ್ಟ್ರಪತಿಯವರ ಸಹಿ ಬಿದ್ದದ್ದು ಸಂಪುಟ ಸಭೆ ಸೇರುವ ಮೊದಲೇ. ಸಚಿವರಿಗೆ ವಿಷಯ ತಿಳಿದದ್ದು ಮರುದಿನ ಬೆಳಗ್ಗೆ. ಇದನ್ನು ನೆನೆದು ನೋಡಿದಾಗ ಮುಖವಿಲ್ಲದ ಆ ಕೈ ಚಿತ್ರದ ಕೇಂದ್ರಕ್ಕೆ ಬರುತ್ತದೆ. ಪ್ರಧಾನಿ ಇಂದಿರಾ ಗಾಂಧಿಯವರು ಚಿತ್ರದಲ್ಲಿ ಎಲ್ಲಿಯೂ ಇಲ್ಲ. ಕಾಗದ ಮಾತ್ರ ಬಾಗಿಲಿನಾಚೆಗೆ ಹೋಗುತ್ತಿದೆ.

ಪತ್ರಿಕೆಗಳ ಮೇಲೆ ಸೆನ್ಸಾರ್ ಇದ್ದ ಕಾಲದಲ್ಲಿ ಪ್ರಕಟವಾದ ಚಿತ್ರವಿದು. ಇದೇ ಪತ್ರಿಕೆ ತುರ್ತುಪರಿಸ್ಥಿತಿಯ ಮೊದಲ ದಿನಗಳಲ್ಲಿ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಪ್ರತಿಭಟಿಸಿತ್ತು. ಆ ಖಾಲಿ ಜಾಗವನ್ನೂ ಈಗ ನಾನು ವ್ಯಂಗ್ಯಚಿತ್ರದಂತೆಯೇ ತರಗತಿಯಲ್ಲಿ ಓದಿಸುತ್ತೇನೆ. ಅಬು ಪತ್ರಿಕೆಗಳವರನ್ನೂ ಬಿಟ್ಟವರಲ್ಲ: ಅವರ ಇನ್ನೊಂದು ಚಿತ್ರದಲ್ಲಿ ಒಬ್ಬ ಇನ್ನೊಬ್ಬನಿಗೆ, ಸೆನ್ಸಾರ್ ಅಧಿಕಾರಿಗಿಂತ ಹೆಚ್ಚು ನಿಷ್ಠೆ ತೋರುವ ಸಂಪಾದಕರ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದು ಕೇಳುತ್ತಾನೆ. ಇದರಲ್ಲಿ ಅಕ್ಷರ ಮುಚ್ಚಿದರೆ ಏನೂ ಉಳಿಯುವುದಿಲ್ಲ, ನನ್ನ ಕ್ರಮ ಇಲ್ಲಿ ನಡೆಯದು.

ತೊಟ್ಟಿಯ ಚಿತ್ರದ ಮೇಲಿನ ಕಾಗದದ ಚೂರನ್ನು ನಾನು ತೆಗೆಯುವುದು ಪಾಠದ ಕೊನೆಯ ಐದು ನಿಮಿಷಗಳಲ್ಲಿ. ಆಗ ರಾಷ್ಟ್ರಪತಿಯವರ ಮಾತನ್ನು ಪದಪದವಾಗಿ ಓದಿ ಎನ್ನುತ್ತೇನೆ. ಅವರು ಕಾಯಲು ಹೇಳುತ್ತಿದ್ದಾರೆ; ತರಬೇಡಿ ಎನ್ನುತ್ತಿಲ್ಲ.