ಏಳನೆಯ ದೃಶ್ಯದ ತಾಯಿ: ‘ತುಘಲಕ್’ ಓದಿ ನಾನು ಬರೆದದ್ದು

ಪಿಯುಸಿಯಲ್ಲಿ ನಮ್ಮ ಕನ್ನಡ ಮೇಷ್ಟ್ರು ಗಿರೀಶ ಕಾರ್ನಾಡರ ‘ತುಘಲಕ್’ ನಾಟಕವನ್ನು ಪಾತ್ರ ಹಂಚಿ, ಗಟ್ಟಿಯಾಗಿ ಓದಿಸಿದರು. 1964ರ ನಾಟಕ, ಒಟ್ಟು 13 ದೃಶ್ಯ. ಓದಿ ಮುಗಿಸಿದ ಮೇಲೆ, ‘ಕಥೆ ಬರೀಬೇಡಿ, ನಿಮಗೇನನ್ನಿಸಿತೋ ಅದನ್ನು ಬರೆದುಕೊಂಡು ಬನ್ನಿ’ ಅಂದರು.

ಹೆಚ್ಚಿನವರು ಸುಲ್ತಾನನನ್ನೇ ಹಿಡಿದುಕೊಂಡರು. ದೌಲತಾಬಾದು, ತಾಮ್ರದ ನಾಣ್ಯ, ಸುಲ್ತಾನನ ವಿರುದ್ಧ ಸಂಚು ಹೂಡಿದ ಶಿಹಾಬುದ್ದೀನನ ಕೊಲೆ, ಅದೂ ಪ್ರಾರ್ಥನೆಯ ಹೊತ್ತಿನಲ್ಲೇ. ನನ್ನ ತಲೆಯಲ್ಲಿ ಕೂತದ್ದು ಏಳನೆಯ ದೃಶ್ಯ. ದೆಹಲಿಯಿಂದ ದೌಲತಾಬಾದಿಗೆ ಜನರನ್ನು ಹೊರಡಿಸಿದ್ದಾರೆ. ದಾರಿಯ ಬಿಡಾರದಲ್ಲಿ ಒಬ್ಬ ಹೆಂಗಸು ಕಾಯಿಲೆಯ ಮಗುವನ್ನೆತ್ತಿಕೊಂಡು, ವೈದ್ಯರ ಹತ್ತಿರ ಹೋಗಿಬರಲು ಬಿಡಿ ಎಂದು ಅಧಿಕಾರಿಯನ್ನು ಅಂಗಲಾಚುತ್ತಾಳೆ. ಅವನು ಲಂಚವಿಲ್ಲದೆ ಬಿಡುವುದಿಲ್ಲ. ಜೊತೆಗಾರ ಆಜಮನಿಗೇ ಕರುಳು ಚುರ್ ಅನ್ನುತ್ತದೆ. ಆ ಅಧಿಕಾರಿಗೆ ಇಲ್ಲ: ಹೇಗೂ ಉಳಿಯದ ಮಗು, ವೈದ್ಯರಿಗೆ ದುಡ್ಡು ಯಾಕೆ ದಂಡ ಅನ್ನುವುದು ಅವನ ಲೆಕ್ಕ. ಆ ತಾಯಿಗೆ ನಾಟಕದಲ್ಲಿ ಹೆಸರೂ ಇಲ್ಲ.

ಬರೆಯಲು ಕೂತಾಗ ‘ತುಂಬಾ ದುಃಖವಾಯಿತು’ ಅನ್ನುವುದರಾಚೆ ಮಾತು ಬರಲಿಲ್ಲ. ಅದಕ್ಕೆ ಅವಳ ಮಾತುಗಳನ್ನಷ್ಟೇ ಒಂದು ಹಾಳೆಗೆ ಇಳಿಸಿಕೊಂಡೆ. ಅರ್ಧ ಪುಟವೂ ತುಂಬಲಿಲ್ಲ. ಆಮೇಲೆ ಆ ಅಧಿಕಾರಿಯ ಜಾಡು ಹಿಡಿದು ಮೊದಲ ದೃಶ್ಯಕ್ಕೆ ಹೋದೆ. ಅಲ್ಲಿ ವಿಷ್ಣುಪ್ರಸಾದನೆಂಬ ಬ್ರಾಹ್ಮಣ ಸುಲ್ತಾನನ ಮೇಲೆಯೇ ದಾವೆ ಹೂಡಿ ಗೆಲ್ಲುತ್ತಾನೆ. ಸುಲ್ತಾನ ತಲೆಬಾಗಿ ತೀರ್ಪು ಒಪ್ಪಿಕೊಂಡು 500 ಬೆಳ್ಳಿ ದಿನಾರು ಕೊಡುತ್ತಾನೆ, ಸರ್ಕಾರಿ ನೌಕರಿಯನ್ನೂ ಕೊಡುತ್ತಾನೆ. ನಿಜದಲ್ಲಿ ಅವನು ಬ್ರಾಹ್ಮಣನ ವೇಷ ಹಾಕಿದ ಅಗಸರ ಅಜೀಜ. ಬಿಡಾರದಲ್ಲಿ ತಾಯಿಯನ್ನು ತಡೆಯುವವನೂ ಅವನೇ, ಆ ನೌಕರಿಯ ಬಲದಿಂದಲೇ.

ಇದು ಕಣ್ಣಿಗೆ ಬಿದ್ದ ಮೇಲೆ ಬರವಣಿಗೆ ತಾನಾಗಿ ಸಾಗಿತು. ಸುಲ್ತಾನ ಕೆಟ್ಟದ್ದನ್ನು ಮಾಡಿದಾಗ ಜನ ನರಳಿದರು ಎಂದು ಬರೆಯುವುದು ಸುಲಭ. ಈ ತಾಯಿ ನರಳಿದ್ದು ಅವನು ಎಲ್ಲರೆದುರು ನ್ಯಾಯ ಮೆರೆದ ದಿನದ ಕೊಡುಗೆಯಿಂದ. ಈ ಸಾಲನ್ನು ನಾನು ಪ್ರಬಂಧದ ನಡುಮಧ್ಯೆ ಇಟ್ಟೆ. ಆದರ್ಶ, ದುರಂತ ಎಂಬ ಪದಗಳನ್ನು ಬೇಕೆಂದೇ ದೂರ ಇಟ್ಟೆ. ಗೈಡುಗಳಲ್ಲಿ ಅವು ಬೇಕಾದಷ್ಟಿವೆ.

ಮೇಷ್ಟ್ರು ಓದಿ, ಅಂಚಿನಲ್ಲಿ ‘ಕೊನೆಯ ದೃಶ್ಯದಲ್ಲಿ ಅಜೀಜನಿಗೆ ಏನಾಗುತ್ತದೆ?’ ಎಂದು ಬರೆದು ವಾಪಸು ಕೊಟ್ಟರು. ಅಲ್ಲಿ ಅವನ ಮೋಸವೆಲ್ಲ ಬಯಲಾಗುತ್ತದೆ. ಸುಲ್ತಾನ ಶಿಕ್ಷಿಸುವುದಿಲ್ಲ, ಆಸ್ಥಾನದ ಇತಿಹಾಸಕಾರ ಬರನಿ ದಂಗಾಗಿ ನೋಡುತ್ತಿರುವಾಗಲೇ ದಖ್ಖನಿನ ಸೈನ್ಯದಲ್ಲಿ ಅಧಿಕಾರ ಕೊಟ್ಟು ಕಳಿಸುತ್ತಾನೆ. ಹಾಗಾಗಿ ಇನ್ನೊಂದು ಪ್ಯಾರಾ ಸೇರಿಸಿದೆ: ಸುಲ್ತಾನ ತನಗಾದ ಮೋಸವನ್ನು ಬೇಕಾದರೆ ಕ್ಷಮಿಸಲಿ, ಆ ಮಗುವಿನ ಲೆಕ್ಕವನ್ನು ಚುಕ್ತಾ ಮಾಡಲು ಅವನು ಯಾರು? ಇವತ್ತಿಗೂ ಆ ನಾಟಕ ಓದಿದರೆ ನನ್ನ ಸಿಟ್ಟು ಅಜೀಜನಿಗಿಂತ ಆ ಕ್ಷಮೆಯ ಮೇಲೆಯೇ.