ತಿಂಗಳಿಗೊಂದು ಸೂಚನೆ: ಅಭಿಜಾತ ಕೃತಿಗಳನ್ನು ನಾನು ವರ್ಷಪೂರ್ತಿ ಓದಿದ ಬಗೆ

‘ಓದಲೇಬೇಕಾದ ನೂರು ಕೃತಿಗಳು’ ಎಂಬಂಥ ಪಟ್ಟಿಗಳೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಬೇರೆ ಯಾರೋ ಆರಿಸಿಟ್ಟದ್ದನ್ನು ಓದಿ ಗುರುತು ಹಾಕುತ್ತ ಹೋಗುವುದಷ್ಟೇ ಅಲ್ಲಿ ನಮ್ಮ ಪಾಲಿಗೆ ಉಳಿಯುವ ಕೆಲಸ. ಹಾಗಾಗಿ ಅಭಿಜಾತ ಸಾಹಿತ್ಯಕ್ಕೆಂದೇ ಒಂದು ವರ್ಷವನ್ನು ಎತ್ತಿಡಲು ತೀರ್ಮಾನಿಸಿದಾಗ ಪುಸ್ತಕಗಳ ಹೆಸರನ್ನು ಬರೆಯುವ ಗೋಜಿಗೆ ಹೋಗಲಿಲ್ಲ. ತಿಂಗಳಿಗೊಂದು ಸೂಚನೆಯನ್ನು ಮಾತ್ರ ಬರೆದುಕೊಂಡೆ. ಆ ಸೂಚನೆಗೆ ಹೊಂದುವ ಪುಸ್ತಕ ಯಾವುದೆಂಬುದು ಹಿಂದಿನ ತಿಂಗಳ ಕೊನೆಯ ವಾರದಲ್ಲಿ ತೀರ್ಮಾನವಾಗಬೇಕು, ಅದಕ್ಕೂ ಮೊದಲು ಬೇಡ ಎಂಬುದು ಒಂದು ನಿಯಮ. ಕೃತಿ ಪ್ರಕಟವಾಗಿ ಐವತ್ತು ವರ್ಷವಾದರೂ ಕಳೆದಿರಬೇಕು ಎಂಬುದು ಇನ್ನೊಂದು. ಐವತ್ತೇ ಏಕೆ ಎಂದು ಕೇಳಿದರೆ ಹೇಳಲು ಶಾಸ್ತ್ರಾಧಾರವೇನೂ ಇಲ್ಲ. ಎಲ್ಲಾದರೂ ಒಂದು ಗೆರೆ ಎಳೆಯಬೇಕಿತ್ತು, ಎಳೆದೆ.

ಸೂಚನೆ ಬರೆಯುವ ಕೆಲಸ ಕಾಣುವಷ್ಟು ಸುಲಭವಲ್ಲ. ‘ಹತ್ತೊಂಬತ್ತನೆಯ ಶತಮಾನದ ಕಾದಂಬರಿ’, ‘ರಷ್ಯನ್ ಕೃತಿ’, ‘ಪ್ರಶಸ್ತಿ ಪಡೆದ ಲೇಖಕ’ ಎಂಬಂಥವು ಗ್ರಂಥಾಲಯದ ಕಪಾಟಿಗೆ ಅಂಟಿಸುವ ಚೀಟಿಗಳು. ಅವು ಪುಸ್ತಕ ಹುಡುಕಿ ಕೊಡುತ್ತವೆ, ಓದುವಾಗ ಏನನ್ನು ಗಮನಿಸಬೇಕೆಂದು ಹೇಳುವುದಿಲ್ಲ. ನನಗೆ ಬೇಕಿದ್ದದ್ದು ಪುಸ್ತಕದ ಕೊನೆಯ ಪುಟದವರೆಗೂ ಬೆನ್ನು ಬಿಡದ ಸೂಚನೆ. ಆದ್ದರಿಂದ ಕೃತಿ ಎಲ್ಲಿಂದ ಬಂತು ಎನ್ನುವುದನ್ನು ಬಿಟ್ಟು, ಅದನ್ನು ಹೇಗೆ ಕಟ್ಟಲಾಗಿದೆ ಎಂಬುದರ ಸುತ್ತಲೇ ಸೂಚನೆಗಳನ್ನು ಹೆಣೆದೆ. ‘ಕೊನೆ ಮೊದಲೇ ಗೊತ್ತಿರುವ ಕಥೆ’, ‘ಗಟ್ಟಿಯಾಗಿ ಓದಬೇಕಾದದ್ದು’, ‘ಪತ್ರ ಇಲ್ಲವೇ ದಿನಚರಿಯ ರೂಪದ್ದು’, ‘ಒಂದು ಕೃತಿ ಮತ್ತು ಅದಕ್ಕೆ ಇನ್ನೊಬ್ಬರು ಕೊಟ್ಟ ಉತ್ತರ’, ‘ಒಂದು ಭಾಷೆಯ ಆರಂಭದ ಕಾದಂಬರಿಗಳಲ್ಲಿ ಒಂದು’, ‘ಅರ್ಧಕ್ಕೆ ಬಿಟ್ಟು ಎತ್ತಿಟ್ಟದ್ದು’ — ಹೀಗೆ.

ಇವುಗಳಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ‘ಕೊನೆ ಮೊದಲೇ ಗೊತ್ತಿರುವ ಕಥೆ’. ಆ ತಿಂಗಳಿಗೆ ಟಾಲ್‌ಸ್ಟಾಯ್ 1886ರಲ್ಲಿ ಪ್ರಕಟಿಸಿದ ‘ಇವಾನ್ ಇಲಿಚ್‌ನ ಸಾವು’ ಆರಿಸಿಕೊಂಡೆ. ಶೀರ್ಷಿಕೆಯಲ್ಲೇ ಸಾವಿದೆ. ಮೊದಲ ಅಧ್ಯಾಯದಲ್ಲಿ ನ್ಯಾಯಾಲಯದ ಸಹೋದ್ಯೋಗಿಗಳು ವಿರಾಮದ ಹೊತ್ತಿನಲ್ಲಿ ಹರಟುತ್ತಿರುವಾಗ ಒಬ್ಬ ಪತ್ರಿಕೆಯಲ್ಲಿ ಆತನ ಸಾವಿನ ಸುದ್ದಿ ಕಂಡು ಹೇಳುತ್ತಾನೆ. ಕೇಳಿದವರ ಮನಸ್ಸಿನಲ್ಲಿ ಮೊದಲು ಹೊಳೆಯುವುದು ಖಾಲಿಯಾದ ಹುದ್ದೆಯಿಂದ ಯಾರಿಗೆ ವರ್ಗ, ಯಾರಿಗೆ ಬಡ್ತಿ ಎಂಬುದು. ಮುಂದೇನಾಗುತ್ತದೆ ಎಂಬ ಕುತೂಹಲವನ್ನು ಲೇಖಕ ತಾನಾಗಿಯೇ ಕೈಬಿಟ್ಟ ಮೇಲೆ ಓದಿಸಿಕೊಂಡು ಹೋಗುವುದು ಯಾವುದು? ಸೂಚನೆ ನನ್ನಿಂದ ಈ ಪ್ರಶ್ನೆಯನ್ನು ಕೇಳಿಸಿತು. ಉತ್ತರ ಹುಡುಕುತ್ತ ಪುಟಗಳನ್ನು ತಿರುವಿಹಾಕಿದಾಗ ಕಂಡದ್ದು ಅಧ್ಯಾಯಗಳ ಅಳತೆ. ಇರುವ ಹನ್ನೆರಡು ಅಧ್ಯಾಯಗಳಲ್ಲಿ ಮೊದಮೊದಲಿನವು ಉದ್ದ. ಅವುಗಳಲ್ಲಿ ವರ್ಷಗಳೇ ಉರುಳುತ್ತವೆ. ಕಾಯಿಲೆ ಬಲಿಯುತ್ತ ಹೋದಂತೆ ಅಧ್ಯಾಯಗಳು ಗಿಡ್ಡವಾಗುತ್ತವೆ, ಕಾಲ ತಿಂಗಳಿಗೆ, ದಿನಕ್ಕೆ, ಗಂಟೆಗೆ ಇಳಿಯುತ್ತದೆ. ರೋಗಿ ಮಲಗಿದ ಕೋಣೆಯ ಗೋಡೆಗಳು ನಮ್ಮ ಮೇಲೂ ಒತ್ತಿಬರುತ್ತವೆ. ಸೂಚನೆಯಿಲ್ಲದೆ ಓದಿದ್ದರೆ ಆ ಒತ್ತಡ ತಟ್ಟುತ್ತಿತ್ತು, ಅದು ಎಲ್ಲಿಂದ ಹುಟ್ಟುತ್ತದೆ ಎಂದು ಹುಡುಕುತ್ತಿರಲಿಲ್ಲ.

ಗಟ್ಟಿಯಾಗಿ ಓದುವ ತಿಂಗಳು ಕುಮಾರವ್ಯಾಸನ ಪಾಲಾಯಿತು. ಹತ್ತು ಪರ್ವಗಳನ್ನು ಮೂವತ್ತು ದಿನಗಳಲ್ಲಿ ಮುಗಿಸುವ ಹುಮ್ಮಸ್ಸು ನನಗಿರಲಿಲ್ಲ, ಸಭಾಪರ್ವವೊಂದನ್ನೇ ಹಿಡಿದೆ. ಭಾಮಿನಿ ಷಟ್ಪದಿಯಲ್ಲಿ ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದರ ಹಿಂದೆ ಒಂದು ಬರುತ್ತವೆ. ಮೊದಲೆರಡು ಸಾಲು ಹದಿನಾಲ್ಕು ಮಾತ್ರೆಗಳಿಗೆ ನಿಂತರೆ, ಮೂರನೆಯದು ಅಷ್ಟಕ್ಕೆ ನಿಲ್ಲದೆ ಮುಂದೆ ಸಾಗಿ ಕೊನೆಯಲ್ಲೊಂದು ಗುರುವಿನ ಮೇಲೆ ನೆಲೆ ನಿಲ್ಲುತ್ತದೆ, ಇಪ್ಪತ್ತಮೂರು ಮಾತ್ರೆ. ನಾಲ್ಕು, ಐದು, ಆರನೆಯ ಸಾಲುಗಳಲ್ಲಿ ಇದೇ ಮತ್ತೊಮ್ಮೆ. ಬಾಯಿಬಿಟ್ಟು ಓದಿದರೆ ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂಬುದನ್ನು ಆ ಗುರುವೇ ಕಲಿಸುತ್ತದೆ. ಸಾಲಿನ ಕೊನೆಗೆ ಪದ ಮುರಿದು ಮುಂದಿನ ಸಾಲಿಗೆ ಚಾಚಿದ ಕಡೆಗಳಲ್ಲಿ ಕಣ್ಣಿನ ಓದು ಮುಗ್ಗರಿಸುತ್ತದೆ, ನಾಲಿಗೆ ದಾಟಿಕೊಂಡು ಹೋಗುತ್ತದೆ. ದಿನಕ್ಕೆ ಇಪ್ಪತ್ತು ಪದ್ಯಗಳಿಗಿಂತ ಹೆಚ್ಚು ಓದದಿರುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅದರಾಚೆಗೆ ಲಯ ಮಾತ್ರ ಓಡುತ್ತದೆ, ಅರ್ಥ ಹಿಂದೆ ಉಳಿಯುತ್ತದೆ.

‘ಕೃತಿ ಮತ್ತು ಅದಕ್ಕೊಂದು ಉತ್ತರ’ ಎಂಬ ಸೂಚನೆಗೆ ಎರಡು ತಿಂಗಳು ಕೊಟ್ಟಿದ್ದೆ, ಕೊಡಲೇಬೇಕು. 1847ರ ‘ಜೇನ್ ಐರ್’ನಲ್ಲಿ ಮನೆಯ ಮೇಲಂತಸ್ತಿನಲ್ಲಿ ಕೂಡಿಹಾಕಿದ ಹುಚ್ಚಿಯಾಗಿಯಷ್ಟೇ ಕಾಣಿಸಿಕೊಳ್ಳುವ, ಕಥಾನಾಯಕನ ಮೊದಲ ಹೆಂಡತಿಗೆ, ಜೀನ್ ರಿಸ್ 1966ರ ‘ವೈಡ್ ಸರ್ಗಾಸೊ ಸೀ’ಯಲ್ಲಿ ಬಾಲ್ಯ, ಊರು, ಬೇರೆಯದೇ ಹೆಸರು ಎಲ್ಲವನ್ನೂ ಕೊಡುತ್ತಾಳೆ. ಎರಡನ್ನೂ ಬೆನ್ನುಬೆನ್ನಿಗೆ ಓದಿದವರು ಮೊದಲನೆಯದನ್ನು ಮತ್ತೆ ಹಳೆಯ ಹಾಗೆ ಓದಲಾರರು. ಕನ್ನಡದಲ್ಲೇ ಬೇಕೆಂದರೆ ಪಂಪ ಮತ್ತು ಕುಮಾರವ್ಯಾಸರನ್ನು ಅಕ್ಕಪಕ್ಕ ಇಟ್ಟುಕೊಳ್ಳಬಹುದು. ತನ್ನ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಂದಿಗೆ ಒಂದಾಗಿಸಿದ ಪಂಪ, ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿದ. ಆ ಒಂದು ಬದಲಾವಣೆಯಿಂದ ಕಥೆಯಲ್ಲಿ ಏನೇನು ಸ್ಥಾನಪಲ್ಲಟವಾಗುತ್ತದೆ ಎಂದು ನೋಡುವುದೇ ತಿಂಗಳ ಕೆಲಸಕ್ಕೆ ಸಾಕು.

ಆರಂಭದ ಕಾದಂಬರಿಗಳ ತಿಂಗಳಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ಮತ್ತು ಮಲಯಾಳದ ‘ಇಂದುಲೇಖಾ’ (1889) ಎದುರಾದವು. ಎರಡಕ್ಕೂ ನಾಯಕಿಯ ಹೆಸರೇ ಶೀರ್ಷಿಕೆ, ಎರಡರಲ್ಲೂ ಓದುಬರಹ ಕಲಿತ ಹೆಣ್ಣು ಕಥೆಯ ನಡುವಿದ್ದಾಳೆ. ಪತ್ರ-ದಿನಚರಿಗಳ ತಿಂಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಡ್ರಾಕುಲಾ’ ಮೇ 3ರ ದಿನಚರಿಯಿಂದ ಶುರುವಾಗುವುದರಿಂದ ಆಯಾ ತಾರೀಖಿನಂದೇ ಆಯಾ ನಮೂದನ್ನು ಓದುವವರಿದ್ದಾರೆ. ನನಗೆ ಅಷ್ಟು ತಾಳ್ಮೆಯಿಲ್ಲ.

ದಪ್ಪ ಪುಸ್ತಕಗಳನ್ನು ಸೂಚನೆಗಳಿಂದ ಹೊರಗಿಟ್ಟೆ. ಒಂದೇ ತಿಂಗಳಿಗೆ ತುರುಕಿದರೆ ಅವು ತಿಂಗಳನ್ನೂ ಕೆಡಿಸುತ್ತವೆ, ತಾವೂ ಕೆಡುತ್ತವೆ. ಅದರ ಬದಲು ಒಂದೇ ಒಂದು ದೊಡ್ಡ ಕೃತಿಯನ್ನು ವರ್ಷದುದ್ದಕ್ಕೂ ಹಿನ್ನೆಲೆಯಲ್ಲಿ ಓದಿದೆ. ಜಾರ್ಜ್ ಎಲಿಯಟ್‌ಳ ‘ಮಿಡ್ಲ್‌ಮಾರ್ಚ್’ 1871ರ ಡಿಸೆಂಬರಿನಿಂದ ಒಂದು ವರ್ಷದ ಅವಧಿಯಲ್ಲಿ ಎಂಟು ಭಾಗಗಳಾಗಿ ಹೊರಬಂದಿತ್ತು. ಅಂದಿನ ಓದುಗರು ಒಂದು ಭಾಗಕ್ಕೂ ಇನ್ನೊಂದಕ್ಕೂ ನಡುವೆ ಕಾಯಬೇಕಿತ್ತು, ಆ ಕಾಯುವಿಕೆಯನ್ನು ನಾನೂ ಉಳಿಸಿಕೊಂಡೆ: ಎಂಟು ತಿಂಗಳಿಗೆ ಎಂಟು ಭಾಗ, ತಿಂಗಳ ಪುಸ್ತಕ ಭಾರವಿರುವ ನಾಲ್ಕು ತಿಂಗಳುಗಳಲ್ಲಿ ಬಿಡುವು. ದಿನವೂ ಓದುವ ಅಭ್ಯಾಸವಿರುವವರಿಗೆ ‘ಯುದ್ಧ ಮತ್ತು ಶಾಂತಿ’ ಇನ್ನೂ ಚೆನ್ನಾಗಿ ಹೊಂದುತ್ತದೆ. ಅದರಲ್ಲಿರುವುದು 361 ಪುಟ್ಟ ಅಧ್ಯಾಯಗಳು. ದಿನಕ್ಕೊಂದರಂತೆ ಓದಿದರೂ ನಾಲ್ಕು ದಿನ ಮಿಗುತ್ತದೆ.

ಪುಸ್ತಕ ಆರಿಸುವಾಗ ಪ್ರತಿ ಸೂಚನೆಗೂ ಒಂದು ತೆಳ್ಳನೆಯದು, ಒಂದು ದಪ್ಪದ್ದು ಎಂದು ಎರಡನ್ನು ಗುರುತಿಸಿಕೊಳ್ಳುತ್ತಿದ್ದೆ. ಕೆಲಸದ ಒತ್ತಡ ನೋಡಿ ಒಂದನ್ನು ಕೈಗೆತ್ತಿಕೊಳ್ಳುವುದು. ಅನುವಾದಗಳಾದರೆ ಸಿಗುವ ಎಲ್ಲವುಗಳ ಮೊದಲ ಪುಟವನ್ನು ಓದಿ ನೋಡುತ್ತಿದ್ದೆ. ಸಂಭಾಷಣೆ ಬರುವ ಒಂದು ಪುಟವನ್ನೂ ನೋಡಿದರೆ ಇನ್ನೂ ವಾಸಿ, ಏಕೆಂದರೆ ಅನುವಾದಕರ ಕಿವಿ ಎಷ್ಟು ಚುರುಕು ಎಂಬುದು ಅಲ್ಲಿ ಬಯಲಾಗುತ್ತದೆ. ಮುನ್ನುಡಿಗಳನ್ನು ಕೃತಿ ಮುಗಿದ ಮೇಲೆಯೇ ಓದಬೇಕು. ವಿದ್ವಾಂಸರಿಗೆ ಕಥೆಯ ಗುಟ್ಟು ಕಾಯುವುದರಲ್ಲಿ ಆಸಕ್ತಿ ಕಡಿಮೆ.

ತಿಂಗಳ ಕೊನೆಗೆ ಒಂದೇ ಪುಟದ ಟಿಪ್ಪಣಿ: ಸೂಚನೆಗೆ ಕೃತಿ ಕೊಟ್ಟ ಉತ್ತರವೇನು, ಎಲ್ಲಿ ಅದು ಸೂಚನೆಯ ಹಿಡಿತದಿಂದ ಜಾರಿತು. ಕಥೆಯ ಸಾರಾಂಶಕ್ಕೆ ಆ ಪುಟದಲ್ಲಿ ಜಾಗವಿರಲಿಲ್ಲ. ಅರ್ಧಕ್ಕೆ ಬಿಟ್ಟದ್ದನ್ನು ಮತ್ತೆ ಎತ್ತಿಕೊಳ್ಳುವ ತಿಂಗಳಲ್ಲಿ ಈ ಟಿಪ್ಪಣಿಯೂ ಬಹಳ ಚಿಕ್ಕದಾಯಿತು. ಕೆಲವು ಪುಸ್ತಕಗಳನ್ನು ಬಿಟ್ಟದ್ದೇ ಸರಿ ಎಂದು ಖಚಿತವಾಯಿತು, ಅದೂ ಒಂದು ಲಾಭವೇ.

ಮುಂದಿನ ವರ್ಷಕ್ಕೆ ಈ ಸೂಚನೆಗಳಲ್ಲಿ ಉತ್ತರ ಕೊಡುವ ಕೃತಿಯದ್ದನ್ನೂ ಗಟ್ಟಿ ಓದಿನದ್ದನ್ನೂ ಉಳಿಸಿಕೊಂಡಿದ್ದೇನೆ. ‘ಮೂರು ಅಂಕಗಳ ನಾಟಕ’ ಹೊಸದಾಗಿ ಸೇರಿದೆ, ‘ಎ ಡಾಲ್ಸ್ ಹೌಸ್’ ಈಗಾಗಲೇ ಕಣ್ಣ ಮುಂದಿದೆ. ಹಿನ್ನೆಲೆಯ ದೊಡ್ಡ ಕೃತಿಯಾಗಿ ಜಪಾನಿನ ಮುರಸಾಕಿ ಶಿಕಿಬು ಹನ್ನೊಂದನೆಯ ಶತಮಾನದ ಮೊದಲ ಭಾಗದಲ್ಲಿ ಬರೆದ ‘ಗೆಂಜಿಯ ಕಥೆ’ ಇರಲಿದೆ. ಅದರಲ್ಲಿ 54 ಅಧ್ಯಾಯಗಳು, ವರ್ಷದಲ್ಲಿ 52 ವಾರಗಳು. ಯಾವ ಎರಡು ವಾರಗಳಲ್ಲಿ ಎರಡೆರಡು ಓದಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ.